ತಾಲ್ಲೂಕು ಊರಲ್ಲಿ ಒಂದು ದಿನದ ರ್‍ಯಾಪಿಡ್ ಚೆಸ್ ಟೂರ್ನಿ: ನಡೆಸುವ ಬಗೆ, ಆಟಗಳನ್ನು ಉಳಿಸುವ ಬಗೆ

80 ಮಂದಿ 7 ಸುತ್ತು ಆಡಿದರೆ ಒಟ್ಟು 280 ಆಟ. ಮರುದಿನ ಹುಡುಕಿದರೆ ಅವುಗಳಲ್ಲಿ ಒಂದೂ ಸಿಗುವುದಿಲ್ಲ. ಟ್ರೋಫಿ ಹಿಡಿದ ಮಕ್ಕಳ ಗುಂಪು ಫೋಟೊ ಮಾತ್ರ ಇರುತ್ತದೆ. ನಮ್ಮ ಊರುಗಳ ಚೆಸ್ ಹೀಗೆ ಪ್ರತಿ ಭಾನುವಾರ ಕಳೆದುಹೋಗುತ್ತಿದೆ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಶಿವಮೊಗ್ಗ ಇನ್ನೊಬ್ಬ ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿಯವರನ್ನು ಕೊಟ್ಟಿತು. ಬಲವಾದ ಆಟಗಾರರು ಬೆಂಗಳೂರಿನ ಹೊರಗೂ ಹುಟ್ಟುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅವರಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ನಡೆಯುವ, ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಜೋಡಣೆ) ಜಗಳವಿಲ್ಲದ, ಆಡಿದ್ದು ದಾಖಲಾಗುವ ಟೂರ್ನಿ. ಬಹುಮಾನದ ಮೊತ್ತ ಅದರ ನಂತರದ ಮಾತು. ಈ ಲೇಖನ 60ರಿಂದ 100 ಆಟಗಾರರ ಒಂದು ದಿನದ ಸ್ವಿಸ್ ಟೂರ್ನಿಯನ್ನು (ಸೋತರೂ ಯಾರೂ ಹೊರಬೀಳದೆ, ಸಮಾನ ಅಂಕದವರು ಎದುರಾಗುತ್ತ ಹೋಗುವ ಬಗೆ) ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ನಿರ್ಧರಿಸಬೇಕಾದದ್ದು: ರೇಟಿಂಗ್ ಬೇಕೇ, ಬೇಡವೇ

ರೇಟಿಂಗ್ ಎಂದರೆ ಆಟಗಾರನ ಬಲವನ್ನು ಅಳೆಯುವ ಅಂಕಿ. ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟೆಡ್ ಟೂರ್ನಿಗೆ ಜಿಲ್ಲಾ ಸಂಸ್ಥೆ ಮತ್ತು ಕರ್ನಾಟಕ ರಾಜ್ಯ ಚೆಸ್ ಸಂಸ್ಥೆಯ ಮೂಲಕ ಅಖಿಲ ಭಾರತ ಚೆಸ್ ಫೆಡರೇಷನ್‌ನ ಒಪ್ಪಿಗೆ ಬೇಕು. ಪರವಾನಗಿ ಇರುವ ಆರ್ಬಿಟರ್‌ಗಳು (ಆಟದ ತೀರ್ಪುಗಾರರು) ಬೇಕು. ಪ್ರತಿ ಆಟಗಾರನ ಫೆಡರೇಷನ್ ನೋಂದಣಿ ಚಾಲ್ತಿಯಲ್ಲಿರಬೇಕು. ಇದಕ್ಕೆ ತಿಂಗಳುಗಟ್ಟಲೆ ಮುಂಚಿನ ತಯಾರಿ ಹಿಡಿಯುತ್ತದೆ. ಮೊದಲ ಬಾರಿಗೆ ನಡೆಸುವವರು ರೇಟಿಂಗ್ ಇಲ್ಲದ ಮುಕ್ತ ಟೂರ್ನಿಯನ್ನೇ ನಡೆಸಿ, ಆದರೆ ನಿಯಮಗಳನ್ನು ರೇಟೆಡ್ ಟೂರ್ನಿಯಷ್ಟೇ ಬಿಗಿಯಾಗಿ ಪಾಲಿಸಿ. ಒಪ್ಪಿಗೆ ಕೈಗೆ ಬರುವ ಮುಂಚೆ ಪೋಸ್ಟರ್‌ನಲ್ಲಿ ‘ಫಿಡೆ ರೇಟೆಡ್’ ಎಂದು ಹಾಕಲೇಬೇಡಿ. 2024ರ ಮಾರ್ಚ್‌ನಿಂದ ರೇಟಿಂಗ್‌ನ ಕೆಳಮಿತಿ 1400ಕ್ಕೆ ಏರಿದೆ. ಆದ್ದರಿಂದ ಈಗಷ್ಟೇ ಆಟ ಕಲಿತ ಮಗುವಿಗೆ ಒಂದು ರೇಟೆಡ್ ಟೂರ್ನಿಯಲ್ಲೇ ರೇಟಿಂಗ್ ಬಂದುಬಿಡುತ್ತದೆ ಎಂದು ಪೋಷಕರಿಗೆ ಆಸೆ ಹುಟ್ಟಿಸುವುದೂ ಸರಿಯಲ್ಲ.

ದಿನಾಂಕ ಮತ್ತು ಸಭಾಂಗಣ

ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ದಿನಗಳನ್ನು ಬಿಡಿ. ಗಣೇಶೋತ್ಸವದ ವಾರಗಳನ್ನೂ ಬಿಡಿ, ಪಕ್ಕದ ಪೆಂಡಾಲಿನ ಧ್ವನಿವರ್ಧಕವನ್ನು ನಿಲ್ಲಿಸುವ ಅಧಿಕಾರ ಯಾವ ಆರ್ಬಿಟರ್‌ಗೂ ಇಲ್ಲ. ದಸರಾ ರಜೆ ಒಳ್ಳೆಯದು. ಕಲ್ಯಾಣ ಮಂಟಪ ಬೇಕಿದ್ದರೆ ಆಷಾಢದಲ್ಲಿ ಕೇಳಿ. ಮದುವೆಗಳಿಲ್ಲದ ತಿಂಗಳಲ್ಲಿ ಹಾಲ್ ಸುಲಭವಾಗಿ ಸಿಗುತ್ತದೆ, ಬಾಡಿಗೆಯಲ್ಲೂ ಮಾತಾಡಲು ಜಾಗವಿರುತ್ತದೆ. ಮಲೆನಾಡು, ಕರಾವಳಿಯವರು ಮಾತ್ರ ಆ ತಿಂಗಳ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ತಗಡಿನ ಮಾಡಿನ ಹಾಲ್ ಆದರೆ ಜೋರು ಮಳೆಗೆ ಆರ್ಬಿಟರ್ ಹೇಳಿದ್ದು ಮೂರನೇ ಸಾಲಿಗೂ ಕೇಳಿಸದು.

ಜಾಗದ ಲೆಕ್ಕ ಹೀಗೆ. 6 ಅಡಿ ಉದ್ದ, ಎರಡೂವರೆ ಅಡಿ ಅಗಲದ ಒಂದು ಮೇಜಿಗೆ ಎರಡು ಬೋರ್ಡ್. ಮೂರನೆಯದನ್ನು ತುರುಕಿದರೆ ಕ್ಲಾಕ್ ಇಡಲು, ಹೊಡೆದ ಕಾಯಿ ಇಡಲು ಸ್ಥಳವಿರುವುದಿಲ್ಲ, ಪಕ್ಕದವನ ಮೊಣಕೈ ತಾಗಿ ಕಾಯಿ ಬೀಳುತ್ತದೆ. 80 ಆಟಗಾರರಿಗೆ 20 ಮೇಜು. ಎರಡು ಸಾಲುಗಳ ಕುರ್ಚಿ ಬೆನ್ನುಗಳ ನಡುವೆ ಆರ್ಬಿಟರ್ ನಡೆದಾಡಲು 3 ಅಡಿಯಾದರೂ ಬಿಡಿ. ಇಷ್ಟಕ್ಕೆ 30 ಅಡಿ ಅಗಲ, 60 ಅಡಿ ಉದ್ದದ ಹಾಲ್ ಸಾಕು. ಪೋಷಕರಿಗೆ ಹೊರಗೆ ನೆರಳು, ಕುರ್ಚಿ, ಕುಡಿಯುವ ನೀರು ಬೇರೆಯೇ ಇರಬೇಕು. ಇದನ್ನು ಮರೆತರೆ ಅವರು ಬಾಗಿಲಲ್ಲಿ ನಿಲ್ಲುತ್ತಾರೆ, ಆಮೇಲೆ ಒಳಗೆ ಬರುತ್ತಾರೆ.

ಫ್ಯಾನಿನ ಕೆಳಗೆ ಫಲಿತಾಂಶ ಚೀಟಿ ಹಾರುತ್ತದೆ, ಅವನ್ನು ಹಾಕಲು ಮುಚ್ಚಳದ ಡಬ್ಬಿ ಇಡಿ. ಕರೆಂಟ್ ಹೋದರೆ ಬೆಳಕು, ಲ್ಯಾಪ್‌ಟಾಪ್, ಪ್ರಿಂಟರ್ ಮೂರೂ ನಿಲ್ಲುತ್ತವೆ. ಜನರೇಟರ್ ಇಲ್ಲದ ಹಾಲ್ ಆದರೆ ಲ್ಯಾಪ್‌ಟಾಪ್ ಮತ್ತು ಪ್ರಿಂಟರ್‌ಗೆ ಯುಪಿಎಸ್ ಕಡ್ಡಾಯ.

ಬೋರ್ಡ್, ಕಾಯಿ, ಕ್ಲಾಕ್

ಬೋರ್ಡಿನ ಒಂದು ಮನೆ 5ರಿಂದ 6 ಸೆಂಟಿಮೀಟರ್, ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್, ಇದು ಫಿಡೆಯ ಮಾನದಂಡ. ಸುರುಳಿ ಸುತ್ತಿದ ವಿನೈಲ್ ಬೋರ್ಡ್‌ಗಳನ್ನು ಹಿಂದಿನ ರಾತ್ರಿಯೇ ಬಿಚ್ಚಿ, ಉಲ್ಟಾ ಒಮ್ಮೆ ಸುತ್ತಿ, ಚಪ್ಪಟೆಯಾಗಿ ಒಂದರ ಮೇಲೊಂದು ಪೇರಿಸಿಡಿ. ಅಂಚು ಮೇಲೆದ್ದ ಬೋರ್ಡಿನಲ್ಲಿ ಮೂಲೆಯ ಆನೆ ನಿಲ್ಲುವುದಿಲ್ಲ. ಅಂಚಿನಲ್ಲಿ ಅಕ್ಷರ, ಅಂಕಿ ಮುದ್ರಿತವಾದ ಬೋರ್ಡೇ ಇರಲಿ. ಬಿಳಿ ಕಾಯಿಯವನ ಬಲಗೈ ಮೂಲೆಯ ಮನೆ ಬಿಳಿಯಾಗಿರಬೇಕು. ಸ್ವಯಂಸೇವಕರು ಆತುರದಲ್ಲಿ ಜೋಡಿಸುವಾಗ ಬೋರ್ಡ್ ಅಡ್ಡ ತಿರುಗಿರುವುದು, ರಾಜ–ಮಂತ್ರಿ ಅದಲುಬದಲಾಗಿರುವುದು ತೀರಾ ಸಾಮಾನ್ಯ. ಮೊದಲ ಸುತ್ತಿಗೆ 20 ನಿಮಿಷ ಮುಂಚೆ ಒಬ್ಬರು ಇದನ್ನಷ್ಟೇ ನೋಡುತ್ತ ಎಲ್ಲ ಸಾಲುಗಳನ್ನೂ ಸುತ್ತಿ ಬರಲಿ. ಬಡ್ತಿಗೆಂದು (ಕೊನೆಯ ಸಾಲು ಮುಟ್ಟಿದ ಕಾಲಾಳಿನ ಬದಲಿಗೆ ಇಡಲು) ಪ್ರತಿ ಸಾಲಿನ ತುದಿಯಲ್ಲಿ ಎರಡು ಬಣ್ಣದ ಎರಡೆರಡು ಹೆಚ್ಚುವರಿ ಮಂತ್ರಿ ಇರಲಿ.

ಕ್ಲಾಕ್ 40 ಬೇಕಿದ್ದರೆ 44 ತನ್ನಿ. ಮುಳ್ಳಿನ ಹಳೆಯ ಕ್ಲಾಕ್ ಬೇಡ. ಅದರಲ್ಲಿ ನಡೆಗೆ ಸೆಕೆಂಡು ಕೂಡಿಸುವ ವ್ಯವಸ್ಥೆ ಇಲ್ಲ. ಸಮ ಸಮ ಇರುವ ಆನೆ ಅಂತ್ಯದಲ್ಲಿ ಒಬ್ಬನಿಗೆ 20 ಸೆಕೆಂಡು ಉಳಿದಾಗ, ಇನ್ನೊಬ್ಬ ಸುಮ್ಮನೆ ಆನೆ ಅತ್ತಿತ್ತ ಓಡಿಸಿ ಸಮಯದಲ್ಲಿ ಗೆಲ್ಲಲು ನೋಡುತ್ತಾನೆ, ಜಗಳ ಅಲ್ಲಿ ಶುರುವಾಗುತ್ತದೆ. ಡಿಜಿಟಿ 2010, ಡಿಜಿಟಿ 3000ದಂಥ ಕ್ಲಾಕ್‌ಗಳ ತಳದಲ್ಲೇ ಸಿದ್ಧ ಸಮಯಗಳ ಪಟ್ಟಿ ಮುದ್ರಿತವಾಗಿದೆ, ಎರಡು ಎಎ ಬ್ಯಾಟರಿ ಹಿಡಿಯುತ್ತವೆ. ಬಾಡಿಗೆಗೆ ಬಂದ ಕ್ಲಾಕ್‌ಗಳನ್ನು ಹಿಂದಿನ ಸಂಜೆಯೇ ಎಲ್ಲ ಹೊತ್ತಿಸಿ, ಅಂಕಿ ಮಸುಕಾದವನ್ನು ಬೇರೆ ಮಾಡಿ. ಎಲ್ಲ ಕ್ಲಾಕ್‌ಗಳೂ ಹಾಲ್‌ನ ಒಂದೇ ದಿಕ್ಕಿಗೆ ಇರಲಿ. ಆಗ ಸಾಲಿನ ತುದಿಯಲ್ಲಿ ನಿಂತ ಆರ್ಬಿಟರ್‌ಗೆ ಹತ್ತು ಬೋರ್ಡಿನ ಸಮಯ ಒಂದೇ ನೋಟಕ್ಕೆ ಸಿಗುತ್ತದೆ. ಕ್ಲಾಕ್ ಯಾವ ಕಡೆ ಇರಬೇಕೆಂದು ತೀರ್ಮಾನಿಸುವುದು ಆರ್ಬಿಟರ್, ಆಟಗಾರನಲ್ಲ.

ಸಮಯ ಮತ್ತು ಸುತ್ತುಗಳ ಲೆಕ್ಕ

ನಿಗದಿತ ಸಮಯಕ್ಕೆ ಪ್ರತಿ ನಡೆಯ ಹೆಚ್ಚುವರಿಯ 60 ಪಟ್ಟು ಕೂಡಿಸಿದಾಗ 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಬಂದರೆ ಅದು ರ್‍ಯಾಪಿಡ್. ಒಂದು ದಿನಕ್ಕೆ ಆಟಗಾರನಿಗೆ ತಲಾ 15 ನಿಮಿಷ + ನಡೆಗೆ 5 ಸೆಕೆಂಡ್ ಹೇಳಿ ಮಾಡಿಸಿದಂತಿದೆ. 60 ನಡೆಯ ಆಟಕ್ಕೆ ಹೆಚ್ಚೆಂದರೆ 40 ನಿಮಿಷ, 80 ನಡೆಯದಕ್ಕೆ ಸುಮಾರು 43 ನಿಮಿಷ ಸಾಕು. ಸುತ್ತಿಗೆ 55 ನಿಮಿಷ ಇಟ್ಟರೆ ಫಲಿತಾಂಶ ದಾಖಲೆಗೆ, ಪೇರಿಂಗ್‌ಗೆ 10 ನಿಮಿಷ ಉಳಿಯುತ್ತದೆ. 15+10 ಇಟ್ಟರೆ ಅಂತ್ಯಾಟದ ಗುಣಮಟ್ಟ ಏರುತ್ತದೆ, ಆದರೆ 60 ನಡೆಗೇ 50 ನಿಮಿಷ ಬೇಕಾಗಿ ಏಳು ಸುತ್ತು ಕತ್ತಲಾಗುವವರೆಗೆ ಎಳೆಯುತ್ತದೆ. ಅದು ಬೇಕೆಂದಾದರೆ ಆರು ಸುತ್ತಿಗೆ ಇಳಿಸಿ.

7 ಸುತ್ತಿನ ಹಂಚಿಕೆ: 9.30, 10.25, 11.20, 12.15. ಊಟ. ಮತ್ತೆ 1.45, 2.40, 3.35. ಕೊನೆಯ ಆಟ 4.25ರ ಒಳಗೆ ಮುಗಿಯುತ್ತದೆ, 5ಕ್ಕೆ ಬಹುಮಾನ. ದೂರದ ತಾಲ್ಲೂಕಿನಿಂದ ಬಂದವರಿಗೆ ಬಸ್ ಸಿಗುತ್ತದೆ. ಉದ್ಘಾಟನಾ ಭಾಷಣವನ್ನು 9.15ಕ್ಕೆ ಶುರು ಮಾಡಿ 9.25ಕ್ಕೆ ನಿಲ್ಲಿಸಿ. ಅತಿಥಿ ತಡವಾದರೆ ಅವರ ಮಾತನ್ನು ಬಹುಮಾನ ವಿತರಣೆಗೆ ಸರಿಸಿ, ಸುತ್ತನ್ನು ಸರಿಸಬೇಡಿ. ಅತಿಥಿಗಾಗಿ ಕಳೆದ ಮುಕ್ಕಾಲು ಗಂಟೆ ಕೊನೆಗೆ ಊಟದ ಹೊತ್ತನ್ನೋ ಏಳನೇ ಸುತ್ತನ್ನೋ ತಿನ್ನುತ್ತದೆ.

ಸುತ್ತುಗಳ ಸಂಖ್ಯೆಗೆ ಎರಡರ ಘಾತ ನೋಡಿ. 6 ಸುತ್ತಿನಲ್ಲಿ 64 ಮಂದಿಯವರೆಗೆ, 7 ಸುತ್ತಿನಲ್ಲಿ 128 ಮಂದಿಯವರೆಗೆ ಎಲ್ಲ ಆಟ ಗೆದ್ದವರು ಒಬ್ಬರಿಗಿಂತ ಹೆಚ್ಚು ಉಳಿಯುವುದಿಲ್ಲ. 80 ಮಂದಿಗೆ 5 ಸುತ್ತು ಇಟ್ಟರೆ ಇಬ್ಬರು ಮೂವರು 5ಕ್ಕೆ 5 ಗಳಿಸಿ, ಪರಸ್ಪರ ಆಡದೆಯೇ ಟ್ರೋಫಿಗೆ ನಿಲ್ಲುವ ಸ್ಥಿತಿ ಬರುತ್ತದೆ.

8 ವರ್ಷದೊಳಗಿನವರಿಗೆ ಪ್ರತ್ಯೇಕ ವಿಭಾಗ ಮಾಡಿ. ಅವರನ್ನು ಮುಕ್ತ ವಿಭಾಗಕ್ಕೆ ಹಾಕಿ ‘ಕಿರಿಯರ ಬಹುಮಾನ’ ಎಂದು ಕೊಟ್ಟರೆ, ಬೆಳಗ್ಗೆಯ ಎರಡು ಸುತ್ತಿನಲ್ಲಿ ನಾಲ್ಕು ನಡೆಯ ಚೆಕ್‌ಮೇಟ್ ತಿಂದು ಅಳುವ ಮಕ್ಕಳನ್ನು ಸಂತೈಸುವುದೇ ಕೆಲಸವಾಗುತ್ತದೆ. ವಯಸ್ಸಿನ ಮಿತಿ ಜನವರಿ 1ಕ್ಕೆ ನಿಲ್ಲುತ್ತದೆ: 2026ರ ಟೂರ್ನಿಗೆ 8ರೊಳಗಿನವರು ಎಂದರೆ 1-1-2018ರಂದು ಅಥವಾ ಆಮೇಲೆ ಹುಟ್ಟಿದವರು. ಪೋಸ್ಟರ್‌ನಲ್ಲಿ ‘8 ವರ್ಷದೊಳಗೆ’ ಎಂದಷ್ಟೇ ಬರೆದರೆ ನಾಲ್ಕು ಬಗೆಯ ಅರ್ಥ ಹೊರಡುತ್ತದೆ, ಹುಟ್ಟಿದ ದಿನಾಂಕವನ್ನೇ ಬರೆಯಿರಿ.

ನೋಂದಣಿ

ಹಿಂದಿನ ಸಂಜೆ 6ಕ್ಕೆ ನೋಂದಣಿ ಮುಚ್ಚಿ. ಸ್ಥಳದಲ್ಲೇ ನೋಂದಣಿ ಎಂದರೆ ಮೊದಲ ಸುತ್ತು ಒಂದು ಗಂಟೆ ತಡ ಎಂದೇ ಲೆಕ್ಕ. ಫಾರಂನಲ್ಲಿ ಹೆಸರು ಕನ್ನಡದಲ್ಲೂ ಫಿಡೆ ದಾಖಲೆಯಲ್ಲಿರುವಂತೆಯೂ, ಫಿಡೆ ಐಡಿ ಇದ್ದರೆ ಅದು, ಹುಟ್ಟಿದ ದಿನಾಂಕ, ಪೋಷಕರ ಫೋನ್, ಜೊತೆಗೆ ಮಗುವಿನ ಹೆಸರು, ಫೋಟೊ, ಆಟವನ್ನು ಪ್ರಕಟಿಸಲು ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ. ಕೊನೆಯದನ್ನು ಬಿಡಬೇಡಿ. ಹುಟ್ಟಿದ ದಿನಾಂಕವೂ ಫೋನ್ ನಂಬರೂ ಎಲ್ಲಿಯೂ ಪ್ರಕಟವಾಗಕೂಡದು.

ಬೆಳಗ್ಗೆ 8.15ರಿಂದ 9ರವರೆಗೆ ಹಾಜರಿ. ಎದುರಿಗೆ ಬಂದು ಸಹಿ ಹಾಕಿದವರನ್ನು ಮಾತ್ರ ಮೊದಲ ಸುತ್ತಿಗೆ ಪೇರ್ ಮಾಡಿ. ಶುಲ್ಕ ಕಟ್ಟಿ ಬಾರದ ಆರು ಮಂದಿಯನ್ನು ಸೇರಿಸಿ ಪೇರ್ ಮಾಡಿದರೆ, ಬಸ್ ಹತ್ತಿ ಬಂದ ಆರು ಮಕ್ಕಳು ಖಾಲಿ ಕುರ್ಚಿಯ ಮುಂದೆ ಕೂರುತ್ತಾರೆ. ತಡವಾಗಿ ಬಂದವರು ಎರಡನೇ ಸುತ್ತಿನಿಂದ ಸೇರಲಿ.

ಸೀಡಿಂಗ್‌ಗೆ (ಆಟಗಾರರನ್ನು ಬಲದ ಕ್ರಮದಲ್ಲಿ ಪಟ್ಟಿ ಮಾಡಲು) ರ್‍ಯಾಪಿಡ್ ರೇಟಿಂಗ್, ಅದಿಲ್ಲದಿದ್ದರೆ ಸ್ಟ್ಯಾಂಡರ್ಡ್ ರೇಟಿಂಗ್, ಎರಡೂ ಇಲ್ಲದವರು ಅಕಾರಾದಿಯಲ್ಲಿ ಕೆಳಗೆ. ಆನ್‌ಲೈನ್ ಆಟದ ರೇಟಿಂಗನ್ನು ಇದರ ಜೊತೆ ಬೆರೆಸಬೇಡಿ, ಅಳತೆಗೋಲೇ ಬೇರೆ.

ಪೇರಿಂಗ್: ಸ್ವಿಸ್ ಹೇಗೆ ಕೆಲಸ ಮಾಡುತ್ತದೆ

ಸ್ವಿಸ್-ಮ್ಯಾನೇಜರ್ ತಂತ್ರಾಂಶ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರಿಂದ ಫಲಿತಾಂಶಗಳನ್ನು ಚೆಸ್-ರಿಸಲ್ಟ್ಸ್ ಜಾಲತಾಣಕ್ಕೆ ನೇರ ಏರಿಸಬಹುದು. ಯಂತ್ರ ಮಾಡುವುದನ್ನು ನೀವೂ ತಿಳಿದಿರಬೇಕು, ಏಕೆಂದರೆ ‘ನನ್ನ ಮಗನಿಗೇ ಯಾಕೆ ಮೊದಲ ಸೀಡ್ ಸಿಕ್ಕಿದ?’ ಎಂಬ ಪ್ರಶ್ನೆಗೆ ಉತ್ತರಿಸುವವರು ನೀವು.

80 ಮಂದಿಯಿದ್ದರೆ ಮೊದಲ ಸುತ್ತಿನಲ್ಲಿ 1ಕ್ಕೆ 41, 2ಕ್ಕೆ 42, ಹೀಗೆ ಮೇಲಿನ ಅರ್ಧ ಕೆಳಗಿನ ಅರ್ಧದೊಂದಿಗೆ ಆಡುತ್ತದೆ. ಮುಂದಿನ ಸುತ್ತುಗಳಲ್ಲಿ ಸಮಾನ ಅಂಕದವರ ಗುಂಪಿನೊಳಗೆ ಮತ್ತೆ ಇದೇ ಅರ್ಧ–ಅರ್ಧ ಕ್ರಮ. ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. ಒಂದೇ ಬಣ್ಣ ಸತತ ಮೂರು ಸಲ ಬರುವುದಿಲ್ಲ, ಕೊನೆಯ ಸುತ್ತಿನಲ್ಲಿ ಮುಂಚೂಣಿಯವರಿಗೆ ಮಾತ್ರ ಇದಕ್ಕೆ ವಿನಾಯಿತಿ. ಒಂದೇ ಅಕಾಡೆಮಿಯ ಗೆಳೆಯರು, ಅಣ್ಣ–ತಮ್ಮ ಎದುರಾದರೂ ಪೇರಿಂಗ್ ಕೈಯಿಂದ ಬದಲಿಸಬೇಡಿ. ಒಮ್ಮೆ ಬದಲಿಸಿದರೆ ಮುಂದಿನ ಪ್ರತಿ ಸುತ್ತಿಗೂ ಮೇಜಿನ ಮುಂದೆ ಸಾಲು ನಿಲ್ಲುತ್ತದೆ.

ಸಂಖ್ಯೆ ಬೆಸವಾದರೆ ಒಬ್ಬರಿಗೆ ಬೈ (ಆ ಸುತ್ತಿನಲ್ಲಿ ಆಟವಿಲ್ಲ), ಪೂರ್ಣ ಒಂದು ಅಂಕ. ಒಬ್ಬರಿಗೆ ಒಂದೇ ಸಲ. ಆದರೆ ಆಡಲೆಂದೇ ಬಂದ ಮಗು 55 ನಿಮಿಷ ಸುಮ್ಮನೆ ಕೂರುವುದು ಒಳ್ಳೆಯದಲ್ಲ. ರೇಟಿಂಗ್ ಇಲ್ಲದ ಟೂರ್ನಿಯಲ್ಲಿ ಸ್ಥಳೀಯ ಕ್ಲಬ್ಬಿನ ಒಬ್ಬರನ್ನು, ಬಹುಮಾನಕ್ಕೆ ಅರ್ಹರಲ್ಲ ಎಂದು ಮೊದಲೇ ಘೋಷಿಸಿ, ಸಂಖ್ಯೆ ಸಮ ಮಾಡಲು ಸಿದ್ಧವಿಟ್ಟುಕೊಳ್ಳಿ.

ಇಡೀ ದಿನದಲ್ಲಿ ಅತಿ ಹೆಚ್ಚು ಹಾನಿ ಮಾಡುವ ತಪ್ಪು ಫಲಿತಾಂಶವನ್ನು ತಿರುಗುಮುರುಗಾಗಿ ನಮೂದಿಸುವುದು. ಮಗು ‘ನಾನು ಗೆದ್ದೆ’ ಎನ್ನುತ್ತದೆ, ಬರೆಯುವವರು ಬಿಳಿಗೆ 1 ಹಾಕುತ್ತಾರೆ, ಗೆದ್ದದ್ದು ಕಪ್ಪು. ತಡೆಯುವ ದಾರಿ: ಬೋರ್ಡ್ ಸಂಖ್ಯೆ, ಇಬ್ಬರ ಹೆಸರು ಮುದ್ರಿತವಾದ ಚೀಟಿ. ಅದರಲ್ಲಿ ಬಿಳಿ–ಕಪ್ಪು ಎಂಬ ಪದದ ಬದಲು ಗೆದ್ದವರ ಹೆಸರಿಗೇ ಸುತ್ತು ಹಾಕಿಸಿ, ಇಬ್ಬರದೂ ಸಹಿ ತೆಗೆದುಕೊಳ್ಳಿ. ಒಬ್ಬರು ಓದಲಿ, ಇನ್ನೊಬ್ಬರು ನಮೂದಿಸಲಿ. ಎಲ್ಲ ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿ ಮೂರು ನಿಮಿಷ ಆದ ಮೇಲೆ ಮುಂದಿನ ಪೇರಿಂಗ್ ಮಾಡಿ. ಮುಂದಿನ ಸುತ್ತು ಶುರುವಾದ ಬಳಿಕ ತಪ್ಪು ತಿಳಿದರೆ ಆಟ ನಿಲ್ಲಿಸಬೇಡಿ. ಅಂಕ ತಿದ್ದಿ, ಅದರ ನಂತರದ ಸುತ್ತಿನ ಪೇರಿಂಗ್‌ಗೆ ಅದನ್ನು ಲೆಕ್ಕ ಹಿಡಿಯಿರಿ. ಪ್ರತಿ ಸುತ್ತಿನ ಕೊನೆಗೆ ಟೂರ್ನಿ ಫೈಲನ್ನು ಪೆನ್‌ಡ್ರೈವ್‌ಗೂ ಉಳಿಸಿ.

ಪೇರಿಂಗ್ ಹಾಳೆಯನ್ನು ಬೋರ್ಡ್ ಕ್ರಮದಲ್ಲಿ ಒಂದು, ಹೆಸರಿನ ಅಕಾರಾದಿಯಲ್ಲಿ ಎರಡು, ದೂರ ದೂರದ ಗೋಡೆಗಳಿಗೆ ಅಂಟಿಸಿ. ಒಂದೇ ಹಾಳೆಯ ಮುಂದೆ 80 ಮಕ್ಕಳು, 80 ಪೋಷಕರು ನುಗ್ಗಿದರೆ ಹತ್ತು ನಿಮಿಷ ಹೋಯಿತು.

ಆರ್ಬಿಟರ್ ಎದುರಿಸುವ ಜಗಳಗಳು

40 ಬೋರ್ಡಿಗೆ ಒಬ್ಬ ಮುಖ್ಯ ಆರ್ಬಿಟರ್, ಮೂವರು ಸಹಾಯಕರು ಬೇಕು. 8ರೊಳಗಿನ ವಿಭಾಗಕ್ಕೆ ಇನ್ನೊಬ್ಬರು, ಅವರು ಆ ಜಾಗ ಬಿಟ್ಟು ಕದಲಬಾರದು. ಆರಂಭಕ್ಕೆ ಮುನ್ನ ಕನ್ನಡದಲ್ಲಿ ಐದು ನಿಮಿಷ ನಿಯಮ ಹೇಳಿ. ಹೇಳಲೇಬೇಕಾದವು ಇವು.

ಮುಟ್ಟಿದ ಕಾಯಿ ನಡೆಸಬೇಕು. ಕಾಯಿ ಸರಿ ಮಾಡುವ ಮುಂಚೆ ‘ಸರಿ ಮಾಡುತ್ತೇನೆ’ ಎಂದು ಹೇಳಬೇಕು. ಎದುರಾಳಿ ಮುಟ್ಟಿ ಬಿಟ್ಟ ಎಂದು ದೂರುವವನು ತಾನು ಕಾಯಿ ಮುಟ್ಟುವ ಮೊದಲೇ ಕೈ ಎತ್ತಬೇಕು, ಮುಟ್ಟಿದ ಮೇಲೆ ಆ ಹಕ್ಕು ಹೋಗುತ್ತದೆ. ಸಾಕ್ಷಿ ಇಲ್ಲ, ಇಬ್ಬರ ಮಾತೂ ಬೇರೆ ಎಂದಾದರೆ ಆಟ ಮುಂದುವರಿಯಲಿ, ಅಲ್ಲಿಂದ ಆ ಬೋರ್ಡಿನ ಪಕ್ಕ ಒಬ್ಬರು ನಿಲ್ಲಲಿ.

ಕ್ಯಾಸಲಿಂಗ್‌ನಲ್ಲಿ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮೊದಲು ರಾಜ. ಆನೆ ಮೊದಲು ಮುಟ್ಟಿದರೆ ಆ ಆನೆಯೊಂದಿಗೆ ಆ ನಡೆಯಲ್ಲಿ ಕ್ಯಾಸಲಿಂಗ್ ಇಲ್ಲ. ಎರಡೂ ಕೈ ಬಳಸಿ ನಡೆಸುವುದು ಅಕ್ರಮ ನಡೆಗೆ ಸಮ. ನಡೆಸಿದ ಕೈಯಿಂದಲೇ ಕ್ಲಾಕ್ ಒತ್ತಬೇಕು.

ಅಕ್ರಮ ನಡೆ ಮಾಡಿ ಕ್ಲಾಕ್ ಒತ್ತಿದರೆ ಮೊದಲ ಸಲ ಎದುರಾಳಿಗೆ 2 ನಿಮಿಷ ಹೆಚ್ಚುವರಿ, ಎರಡನೇ ಸಲ ಆಟ ಸೋಲು. ಆ ಎರಡನೇ ಸಲ, ಎದುರಾಳಿ ಮೇಟ್ ಮಾಡುವ ಸಾಧ್ಯತೆಯೇ ಇಲ್ಲದಷ್ಟು ಅವನ ಕಾಯಿ ಕಡಿಮೆಯಾಗಿದ್ದರೆ ಡ್ರಾ. ರ್‍ಯಾಪಿಡ್‌ನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಪ್ರತಿ ಬೋರ್ಡಿಗೂ ಆರ್ಬಿಟರ್ ಇಲ್ಲದ ಟೂರ್ನಿಯಲ್ಲಿ, ಅಕ್ರಮ ನಡೆಯನ್ನು ಯಾರೂ ಗಮನಿಸದೆ ಎದುರಾಳಿ ತನ್ನ ನಡೆ ಮಾಡಿಬಿಟ್ಟರೆ ಆ ಅಕ್ರಮ ನಡೆ ಹಾಗೇ ನಿಲ್ಲುತ್ತದೆ. ಪೋಷಕರಿಗೆ ಇದು ಅನ್ಯಾಯವೆಂದೇ ಕಾಣುತ್ತದೆ, ಆದ್ದರಿಂದ ಬೆಳಗ್ಗೆಯೇ ಹೇಳಿಬಿಡಿ.

ಕಾಲಾಳನ್ನು ಕೊನೆಯ ಸಾಲಿಗೆ ಒಯ್ದು, ಹೊಸ ಕಾಯಿ ಇಡದೆ ಕ್ಲಾಕ್ ಒತ್ತಿದರೆ ಅದೂ ಅಕ್ರಮ ನಡೆ, ಅಲ್ಲಿ ಮಂತ್ರಿಯನ್ನೇ ಇಡಲಾಗುತ್ತದೆ. ಮಂತ್ರಿ ಕೈಗೆ ಸಿಗದಿದ್ದರೆ ಕ್ಲಾಕ್ ನಿಲ್ಲಿಸಿ ಕೇಳಬೇಕು. ಆನೆಯನ್ನು ಬೋರಲು ಇಟ್ಟು ಮಂತ್ರಿ ಎನ್ನುವ ಮನೆಯ ರೂಢಿ ಇಲ್ಲಿ ನಡೆಯದು, ಆರ್ಬಿಟರ್ ಅದನ್ನು ಆನೆಯೆಂದೇ ಎಣಿಸುತ್ತಾರೆ.

ಕಿರಿಯರ ವಿಭಾಗದಲ್ಲಿ ಇವೆಲ್ಲಕ್ಕಿಂತ ದೊಡ್ಡದು ಸುಳ್ಳು ಚೆಕ್‌ಮೇಟ್. ಒಬ್ಬ ‘ಮೇಟ್’ ಎನ್ನುತ್ತಾನೆ, ಇನ್ನೊಬ್ಬ ನಂಬಿ ಕೈ ಕುಲುಕುತ್ತಾನೆ, ಇಬ್ಬರೂ ಸೇರಿ ಕಾಯಿ ಜೋಡಿಸಿಬಿಡುತ್ತಾರೆ. ನೋಡಿದರೆ ರಾಜನಿಗೆ ಓಡಲು ಮನೆ ಇತ್ತು, ಅಥವಾ ಅದು ಸ್ಟೇಲ್‌ಮೇಟ್ (ಚೆಕ್ ಇಲ್ಲ, ನಡೆಸಲು ನಡೆಯೂ ಇಲ್ಲ, ಹಾಗಾಗಿ ಡ್ರಾ) ಆಗಿತ್ತು. ಕಾಯಿ ಕದಲಿದ ಮೇಲೆ ಸತ್ಯ ತಿಳಿಯುವ ದಾರಿಯಿಲ್ಲ. ‘ಮೇಟ್ ಆದರೆ ಕ್ಲಾಕ್ ನಿಲ್ಲಿಸಿ, ಕೈ ಎತ್ತಿ, ಒಂದು ಕಾಯಿಯನ್ನೂ ಮುಟ್ಟಬೇಡಿ’ ಎಂಬ ಒಂದೇ ವಾಕ್ಯವನ್ನು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿ. ಪ್ರತಿ ಸುತ್ತಿಗೂ ಹೇಳಿಸಿ.

ತಡವಾಗಿ ಬರುವವರಿಗೆ ಎಷ್ಟು ಹೊತ್ತು ಕಾಯಬೇಕೆಂದು ನಿಯಮಾವಳಿಯಲ್ಲಿ ಬರೆಯದಿದ್ದರೆ ಫಿಡೆ ನಿಯಮದಂತೆ ಅದು ಸೊನ್ನೆ ನಿಮಿಷ. 15 ನಿಮಿಷದ ಆಟಕ್ಕೆ 10 ನಿಮಿಷ ಎಂದು ಬರೆದುಕೊಳ್ಳಿ. ಮೊಬೈಲ್ ಪೂರ್ತಿ ಆಫ್ ಆಗಿ ಚೀಲದಲ್ಲಿರಲು ಬಿಡುವುದಾದರೆ ಅದನ್ನೂ ಬರೆದಿರಬೇಕು, ಇಲ್ಲದಿದ್ದರೆ ಒಳಗೆ ತರುವುದೇ ನಿಷಿದ್ಧ. ನೋಡುಗರು ಏನಾದರೂ ಕಂಡರೆ ಆರ್ಬಿಟರ್‌ಗೆ ಮಾತ್ರ ಹೇಳಬಹುದು, ಆಟಗಾರನಿಗಲ್ಲ. ಮೊದಲ ಐದು ನಿಮಿಷ ಫೋಟೊಗೆ ಬಿಟ್ಟು ಆಮೇಲೆ ಪೋಷಕರನ್ನು ಹೊರಗೆ ಕಳಿಸಿ. ಹೆಚ್ಚಿನ ಮಕ್ಕಳು ಅಪ್ಪ ಅಮ್ಮ ಕಣ್ಣಿಗೆ ಬೀಳದಾಗಲೇ ಚೆನ್ನಾಗಿ ಆಡುತ್ತಾರೆ.

ಬೇಗ ಆಟ ಮುಗಿಸಿದ ಮಕ್ಕಳಿಗೆ ಹೊರಗೆ ಕುದುರೆ ಯಾನದ ಹಾಳೆ ಕೊಡಿ. 64 ಮನೆಯ ಖಾಲಿ ಚೌಕ, ಕುದುರೆ ನಡೆಯಲ್ಲಿ ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟುತ್ತ 1ರಿಂದ 64ರವರೆಗೆ ಬರೆಯಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಇಂಥ ಕುದುರೆ ಬಂಧಗಳನ್ನು ರಚಿಸಿದವರು. ಸಿಕ್ಕಿಬಿದ್ದವರಿಗೆ 1823ರ ವಾರ್ನ್ಸ್‌ಡಾರ್ಫ್ ಸೂತ್ರ ಹೇಳಿಕೊಡಿ: ಮುಂದೆ ಹೋಗಲು ಅತಿ ಕಡಿಮೆ ದಾರಿ ಉಳಿದಿರುವ ಮನೆಗೇ ಮೊದಲು ಹೋಗು.

ಟೈಬ್ರೇಕ್ ಮತ್ತು ಬಹುಮಾನ

ಟೈಬ್ರೇಕ್ ಕ್ರಮವನ್ನು, ಅಂದರೆ ಸಮಾನ ಅಂಕದವರಲ್ಲಿ ಮೇಲಿನವರು ಯಾರೆಂದು ತೀರ್ಮಾನಿಸುವ ಬಗೆಯನ್ನು, ಪೋಸ್ಟರ್‌ನಲ್ಲೇ ಹಾಕಿ. ಪರಸ್ಪರ ಆಟ, ಬುಖೋಲ್ಟ್ಸ್ ಕಟ್-1, ಬುಖೋಲ್ಟ್ಸ್, ಸೊನ್ನೆಬಾರ್ನ್-ಬರ್ಗರ್ (ಸೋಲಿಸಿದವರ ಅಂಕ, ಡ್ರಾ ಮಾಡಿಕೊಂಡವರ ಅರ್ಧ ಅಂಕ, ಇವುಗಳ ಮೊತ್ತ), ಗೆಲುವಿನ ಸಂಖ್ಯೆ ಎಂಬ ಕ್ರಮ ಚೆನ್ನಾಗಿ ನಡೆಯುತ್ತದೆ. ಬುಖೋಲ್ಟ್ಸ್ ಎಂದರೆ ನಿಮ್ಮ ಎದುರಾಳಿಗಳೆಲ್ಲರ ಅಂತಿಮ ಅಂಕಗಳ ಮೊತ್ತ. ಕಟ್-1ರಲ್ಲಿ ಅತಿ ಕಡಿಮೆ ಅಂಕದ ಒಬ್ಬ ಎದುರಾಳಿಯನ್ನು ಬಿಡುತ್ತಾರೆ. ಮೊದಲ ಸುತ್ತಿನಲ್ಲೇ ಸೋತು ಆಮೇಲೆ ಆರೂ ಗೆದ್ದವನಿಗೂ ಮೊದಲ ಆರು ಗೆದ್ದು ಕೊನೆಗೆ ಸೋತವನಿಗೂ 6 ಅಂಕವೇ. ಆದರೆ ಎರಡನೆಯವನು ಮೇಲಿನ ಬೋರ್ಡ್‌ಗಳಲ್ಲೇ ಆಡಿರುವುದರಿಂದ ಸಾಮಾನ್ಯವಾಗಿ ಅವನ ಬುಖೋಲ್ಟ್ಸ್ ಹೆಚ್ಚು. ಈ ಉದಾಹರಣೆಯನ್ನೇ ದೊಡ್ಡ ಅಕ್ಷರದಲ್ಲಿ ಗೋಡೆಗೆ ಹಾಕಿ, ಸಂಜೆ ಐದರ ಬಹುಮಾನದ ಹೊತ್ತಿನ ವಾಗ್ವಾದಗಳು ಬಹುಪಾಲು ಕಡಿಮೆಯಾಗುತ್ತವೆ.

ಒಬ್ಬರಿಗೆ ಒಂದೇ ಬಹುಮಾನ, ಮೌಲ್ಯದಲ್ಲಿ ದೊಡ್ಡದು ಯಾವುದೋ ಅದು. ಸಮಾನ ಅಂಕದವರ ನಡುವೆ ನಗದು ಹಂಚುವುದಿಲ್ಲ ಎಂದಾದರೆ ಮೊದಲೇ ಹೇಳಿ. ಪ್ರಾಯೋಜಕರ ಹಣ ಕೈಗೆ ಬರುವ ಮುಂಚೆ ಮೊತ್ತ ಘೋಷಿಸಬೇಡಿ. ಇವುಗಳ ಜೊತೆಗೆ ಒಂದು ಬಹುಮಾನ ಖಂಡಿತ ಇರಲಿ: ದಿನದ ಅತ್ಯುತ್ತಮ ಆಟಕ್ಕೆ. ಸ್ಕೋರ್‌ಶೀಟ್ (ನಡೆಗಳನ್ನು ಬರೆದ ಹಾಳೆ) ಕೊಟ್ಟ ಆಟಗಳನ್ನಷ್ಟೇ ಪರಿಗಣಿಸಲಾಗುವುದು ಎಂದು ಷರತ್ತು ಹಾಕಿ. ಬರೆಯುವ ಅಭ್ಯಾಸ ಬೆಳೆಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆಟಗಳನ್ನು ಉಳಿಸುವುದು

ರ್‍ಯಾಪಿಡ್‌ನಲ್ಲಿ ಆಟಗಾರರು ನಡೆ ಬರೆಯಬೇಕಾಗಿಲ್ಲ. ಆದ್ದರಿಂದ ಬರೆಯುವವರನ್ನು ನೀವು ಇಡಬೇಕು. ಮೊದಲ ಮೂರು ಬೋರ್ಡಿಗೆ ತಲಾ ಒಬ್ಬ ಬರಹಗಾರ, ಏಳು ಸುತ್ತಿಗೆ 21 ಆಟ. ಇಷ್ಟು ಸಾಕು. ನೊಟೇಶನ್ (ನಡೆ ಬರೆಯುವ ಸಂಕೇತ) ಬಲ್ಲ ಹೈಸ್ಕೂಲು, ಕಾಲೇಜು ಮಕ್ಕಳು ಈ ಕೆಲಸವನ್ನು ಪ್ರೀತಿಯಿಂದ ಮಾಡುತ್ತಾರೆ. ಆರು ಮಂದಿಯಿದ್ದರೆ ಸುತ್ತು ಬಿಟ್ಟು ಸುತ್ತು ವಿಶ್ರಾಂತಿ ಸಿಗುತ್ತದೆ.

ಬರಹಗಾರ ಬೋರ್ಡಿನ ಮಧ್ಯಕ್ಕೆ ನೇರವಾಗಿ, ಆಟಗಾರರ ಕಣ್ಣಿಗೆ ಬೀಳದ ಬದಿಯಲ್ಲಿ ಕೂರಲಿ. ತುದಿಯಲ್ಲಿ ಕೂತರೆ ಸಿ ಮತ್ತು ಡಿ ಸಾಲು ಗೊಂದಲವಾಗುತ್ತವೆ. ಒಂದೇ ಮನೆಗೆ ಎರಡು ಕುದುರೆ ಬರಬಹುದಾದಾಗ ಯಾವ ಸಾಲಿನದು ಎಂದು ಬರೆಯುವುದನ್ನು ಮರೆಯುತ್ತಾರೆ, ಆಮೇಲೆ ಇಡೀ ಆಟ ದಾರಿ ತಪ್ಪುತ್ತದೆ. ಪ್ರತಿ ಐದನೇ ನಡೆಗೆ ಇಬ್ಬರ ಉಳಿದ ಸಮಯವನ್ನೂ ಅಂಚಿನಲ್ಲಿ ಬರೆಯಲಿ. ಕೊನೆಯ ಒಂದು ನಿಮಿಷದ ಓಟದಲ್ಲಿ ಕೈ ಹಿಂದೆ ಬೀಳುವುದು ಸಹಜ. ಆಗ ತಪ್ಪಿದ ಕಡೆ ಗೆರೆ ಎಳೆದು ಮುಂದೆ ಹೋಗಲಿ, ಆಟ ಮುಗಿದ ಕೂಡಲೇ ಆರ್ಬಿಟರ್ ಅನುಮತಿಯಿಂದ ಕೊನೆಯ ಸ್ಥಿತಿಯ ಫೋಟೊ ತೆಗೆಯಲಿ. ಆಮೇಲೆ ಇಬ್ಬರೂ ಆಟಗಾರರನ್ನು ಹೊರಗಿನ ಮೇಜಿಗೆ ಕರೆದು, ಕೊನೆಯದಾಗಿ ಸರಿ ಬರೆದ ಸ್ಥಿತಿಯಿಂದ ಫೋಟೊದ ಸ್ಥಿತಿಯವರೆಗೆ ಆಡಿಸಿ ತುಂಬಿಕೊಳ್ಳಿ. ಹತ್ತು ನಿಮಿಷದ ಒಳಗೆ ಕೇಳಿದರೆ ಅವರಿಗೆ ನೆನಪಿರುತ್ತದೆ, ಸಂಜೆ ಕೇಳಿದರೆ ಇರುವುದಿಲ್ಲ.

ಊಟದ ವಿರಾಮದಲ್ಲೇ ಬೆಳಗ್ಗೆಯ 12 ಆಟಗಳನ್ನು ಲಿಚೆಸ್ ಜಾಲತಾಣದ ಸ್ಟಡಿ ವಿಭಾಗದಲ್ಲಿ ಆಡಿಸಿ ಸೇರಿಸಿ, ಅದು ಉಚಿತ. ಅಸಾಧ್ಯ ನಡೆ ಬಂದಲ್ಲಿ ತಂತ್ರಾಂಶವೇ ತಡೆಯುತ್ತದೆ, ಹಾಗಾಗಿ ಬರಹದ ತಪ್ಪು ಅಂದೇ ಸಿಗುತ್ತದೆ. ಆಮೇಲೆ ಪಿಜಿಎನ್ ಫೈಲ್ (ಚೆಸ್ ಆಟಗಳನ್ನು ಉಳಿಸುವ ಪಠ್ಯ ಕಡತ) ಆಗಿ ಇಳಿಸಿಕೊಳ್ಳಿ. ಪ್ರತಿ ಆಟಕ್ಕೂ ಏಳು ವಿವರ ಇರಲೇಬೇಕು: ಟೂರ್ನಿ, ಸ್ಥಳ, ದಿನಾಂಕ, ಸುತ್ತು, ಬಿಳಿ, ಕಪ್ಪು, ಫಲಿತಾಂಶ. ‘ಬೋರ್ಡ್ 1, ರಾಹುಲ್’ ಎಂದಷ್ಟೇ ಇರುವ ಆಟ ಐದು ವರ್ಷದ ಬಳಿಕ ಯಾರದ್ದೂ ಅಲ್ಲ.

ಸುದ್ದಿ ಬರೆಯುವುದು, ಆಟಕ್ಕೆ ಟಿಪ್ಪಣಿ ಬರೆಯುವುದು

ಪತ್ರಿಕೆಯ ಜಿಲ್ಲಾ ಪುಟಕ್ಕೆ ಅದೇ ಸಂಜೆ ಕಳಿಸಿ. ಮೊದಲ ವಾಕ್ಯದಲ್ಲಿ ಗೆದ್ದವರು, ಎಷ್ಟಕ್ಕೆ ಎಷ್ಟು ಅಂಕ, ಎಲ್ಲಿ, ಯಾವಾಗ. ಎರಡನೆಯದರಲ್ಲಿ ಆಟಗಾರರ ಸಂಖ್ಯೆ, ಸುತ್ತು, ಎರಡನೇ ಮೂರನೇ ಸ್ಥಾನ, ಟೈಬ್ರೇಕ್‌ನಲ್ಲಿ ನಿರ್ಧಾರವಾಗಿದ್ದರೆ ಅದು. ಅತಿಥಿಗಳ ಪಟ್ಟಿ ಕೊನೆಗೆ. ಹೆಚ್ಚಿನ ವರದಿಗಳಲ್ಲಿ ವೇದಿಕೆಯಲ್ಲಿದ್ದ ಎಂಟು ಹೆಸರು ಇರುತ್ತವೆ, ಗೆದ್ದ ಹುಡುಗಿಯ ಅಂಕವೇ ಇರುವುದಿಲ್ಲ. ಹೆಸರುಗಳ ಕನ್ನಡ ಕಾಗುಣಿತವನ್ನು ನೋಂದಣಿ ಫಾರಂ ನೋಡಿ ಬರೆಯಿರಿ.

ಆಮೇಲೆ ಒಂದೇ ಒಂದು ಆಟ, ಟಿಪ್ಪಣಿಯೊಂದಿಗೆ. ಹೇಗೆಂದು ತೋರಿಸಲು ಒಂದು ಪ್ರಸಿದ್ಧ ಕಿರು ಆಟ: ರೇಟಿ (ಬಿಳಿ) – ಟಾರ್ಟಕೋವರ್ (ಕಪ್ಪು), ವಿಯೆನ್ನಾ, 1910. ರಾ ರಾಜ, ಮಂ ಮಂತ್ರಿ, ಆ ಆನೆ, ಒಂ ಒಂಟೆ, ಕು ಕುದುರೆ, × ಹೊಡೆತ, + ಚೆಕ್, # ಮೇಟ್, 0-0-0 ಮಂತ್ರಿ ಬದಿಯ ಕ್ಯಾಸಲಿಂಗ್.

1. ಇ4 ಸಿ6 2. ಡಿ4 ಡಿ5 3. ಕು-ಸಿ3 ಡಿ×ಇ4 4. ಕು×ಇ4 ಕು-ಎಫ್6 5. ಮಂ-ಡಿ3 ಇ5 6. ಡಿ×ಇ5 ಮಂ-ಎ5+ 7. ಒಂ-ಡಿ2 ಮಂ×ಇ5 8. 0-0-0 ಕು×ಇ4 9. ಮಂ-ಡಿ8+ ರಾ×ಡಿ8 10. ಒಂ-ಜಿ5+ ರಾ-ಸಿ7 11. ಒಂ-ಡಿ8#

ಟಿಪ್ಪಣಿ ಹೀಗಿರಲಿ: ‘ಇ4ರ ಕುದುರೆಯ ಮೇಲೆ ಕಪ್ಪಿನ ಎರಡು ಕಾಯಿಗಳ ಕಣ್ಣಿದೆ, ಕಾವಲಿಗೆ ಬಿಳಿಯ ಮಂತ್ರಿ ಒಂದೇ. ಕುದುರೆ ಪುಕ್ಕಟೆ ಸಿಕ್ಕಂತೆ ಕಪ್ಪಿಗೆ ಕಂಡಿದೆ. ಆದರೆ ಎಂಟನೇ ನಡೆಯ ಕ್ಯಾಸಲಿಂಗ್‌ನಿಂದ ಬಿಳಿಯ ಆನೆ ಡಿ ಸಾಲಿಗೆ ಬಂದು ನಿಂತಿದೆ, ಎಫ್6ರ ಕುದುರೆ ಕದಲಿದ ಕ್ಷಣ ಜಿ5–ಡಿ8 ಓರೆಗೆರೆಯೂ ತೆರೆಯಿತು. ಮಂತ್ರಿಯ ಬಲಿದಾನ ರಾಜನನ್ನು ಈ ಎರಡು ಗೆರೆಗಳು ಕೂಡುವ ಮನೆಗೆ ಎಳೆಯುತ್ತದೆ. ಹತ್ತನೇ ನಡೆ ಆನೆ, ಒಂಟೆ ಎರಡರಿಂದಲೂ ಚೆಕ್, ಅಡ್ಡ ಇಡಲು ಬಾರದು, ರಾಜ ಓಡಲೇಬೇಕು. ಇ8ಕ್ಕೆ ಹೋದರೆ ಆನೆ ಡಿ8ರಲ್ಲಿ ಮೇಟ್.’

ಇದರಲ್ಲಿ ಎಂಜಿನ್ ಕೊಟ್ಟ ಒಂದು ಅಂಕಿಯೂ ಇಲ್ಲ. ಸೋತವನಿಗೆ ಏನು ಕಂಡಿತು, ಏನು ಕಾಣಲಿಲ್ಲ, ಏಕೆ ಎಂಬುದಷ್ಟೇ ಇದೆ. ಓದುಗನಿಗೆ ಬೇಕಾದದ್ದು ಅದು. ಎಂಜಿನ್ನನ್ನು ನಿಮ್ಮ ವಿಶ್ಲೇಷಣೆ ಸರಿಯೇ ಎಂದು ಪರೀಕ್ಷಿಸಲು ಬಳಸಿ, ಬರೆಯಲು ಬಳಸಬೇಡಿ. ಇನ್ನೊಂದು ಮಾತು: ಇದು ಯಾವ ಟೂರ್ನಿಯದೂ ಅಲ್ಲ, ಬಿಡುವಿನಲ್ಲಿ ಆಡಿದ ಆಟ. ಯಾರೋ ಬರೆದಿಟ್ಟದ್ದರಿಂದ ಇಂದಿಗೂ ನಮ್ಮ ಕೈಗೆ ಸಿಗುತ್ತಿದೆ.

ಟಿಪ್ಪಣಿ ಬರೆದ ಮೇಲೆ ಸೋತ ಆಟಗಾರನಿಗೆ, ಅಥವಾ ಅವನ ಪೋಷಕರಿಗೆ, ಪ್ರಕಟಿಸುವ ಮುಂಚೆ ಒಮ್ಮೆ ಓದಲು ಕೊಡಿ. ಎಂಟು ವರ್ಷದ ಮಗುವಿನ ಸೋಲನ್ನು ಹೆಸರು ಹಾಕಿ ‘ಭಾರೀ ಪ್ರಮಾದ’ ಎಂದು ಬರೆಯುವ ಅಗತ್ಯವಿಲ್ಲ, ‘ಕಪ್ಪು’ ಎಂದರೆ ಸಾಕು.

ಎರಡು ದಿನದೊಳಗೆ ಪಿಜಿಎನ್ ಫೈಲ್, ಅಂತಿಮ ಪಟ್ಟಿ, ನಿಯಮಾವಳಿಯ ಪ್ರತಿ ಮೂರನ್ನೂ ಎಲ್ಲ ಆಟಗಾರರಿಗೆ, ಜಿಲ್ಲಾ ಸಂಸ್ಥೆಗೆ ಕಳಿಸಿ. ಮೂಲ ಸ್ಕೋರ್‌ಶೀಟ್‌ಗಳನ್ನು ಸುತ್ತಿನ ಕ್ರಮದಲ್ಲಿ ಪಂಚ್ ಮಾಡಿ ಫೈಲಿಗೆ ಹಾಕಿ, ಬೆನ್ನ ಮೇಲೆ ವರ್ಷ ಬರೆದು, ಕ್ಲಬ್ ಇಲ್ಲದ ಊರಾದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ಇಡಲು ಕೇಳಿ. ಕ್ಲಾಕ್‌ಗಳಿಂದ ಬ್ಯಾಟರಿ ತೆಗೆದಿಡಿ, ಹಾಗೇ ಬಿಟ್ಟರೆ ಸೋರಿ ಮುಂದಿನ ಟೂರ್ನಿಗೆ ಅರ್ಧದಷ್ಟು ಕೆಲಸಕ್ಕೆ ಬಾರವು.